ಚೀಟಿಯ ಹೆಸರು, ಮೀನಿನ ಊರು

ಮೀನಿನಂಗಡಿಗೆ ಹೋದರೆ ಗಾಜಿಗೆ ಅಂಟಿಸಿದ ಚೀಟಿಯನ್ನು ನಾನು ಓದುವುದು ಕಟ್ಟಕಡೆಗೆ. ಮೊದಲು ಮೀನನ್ನು ನೋಡಬೇಕು: ಮೈಬಣ್ಣ, ರೆಕ್ಕೆ, ಕಣ್ಣು, ನೀರಿನಲ್ಲಿ ಅದು ಮೇಲೆ ಸುಳಿಯುತ್ತದೋ ತಳ ಹಿಡಿಯುತ್ತದೋ ಎಂಬುದೆಲ್ಲ. ಈ ಹವ್ಯಾಸದಲ್ಲಿ ನನಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ.

ಹಾಗೆ ನೋಡುತ್ತ ನಿಂತಾಗ ಸಿಕ್ಕಿದ್ದು ಎರಡೂವರೆ ಸೆಂಟಿಮೀಟರಿನ ಒಂದು ಪುಟ್ಟ ಮೀನು. ಚೀಟಿಯಲ್ಲಿ ‘ಗ್ರೀನ್ ಪಫರ್ ಮರಿ’ ಎಂದಿತ್ತು. “ನೀರಿಗೆ ಉಪ್ಪು ಹಾಕಿ ಸಾರ್, ಇಲ್ಲಾಂದ್ರೆ ಉಳಿಯಲ್ಲ” ಎಂದ ಅಂಗಡಿಯ ಹುಡುಗ. ಗ್ರೀನ್ ಪಫರ್ ಮಟ್ಟಿಗೆ ಅವನ ಮಾತು ಸರಿ. ಅದು ಅಳಿವೆಯ ಮೀನು, 15 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. ಬೆನ್ನು ಹೊಳೆಯುವ ಹಸಿರು, ಹೊಟ್ಟೆ ಬಿಳಿ, ಚುಕ್ಕೆಗಳು ದುಂಡಗೆ.

ನನ್ನೆದುರಿನ ಮೀನೇ ಬೇರೆ. ಹಳದಿ ಬೆರೆತ ಮೈ, ಪಕ್ಕೆಯಲ್ಲಿ ದೊಡ್ಡ ಕಪ್ಪು ಮಚ್ಚೆಗಳು. ಹೊಟ್ಟೆಯ ನಡುವೆ ಉದ್ದಕ್ಕೆ ಕಪ್ಪು ಗೆರೆ, ಕಣ್ಣಿನ ಹಿಂದೆ ಮಿನುಗುವ ಸುಕ್ಕುಗಳು. ಇವೆರಡೂ ಬಲಿತ ಗಂಡಿನ ಗುರುತು. ಇಷ್ಟು ಚಿಕ್ಕ ಗಾತ್ರಕ್ಕೇ ಬಲಿತಿದೆ ಎಂದರೆ ಅದು ಯಾವ ದೊಡ್ಡ ಮೀನಿನ ಮರಿಯೂ ಅಲ್ಲ. ನಮ್ಮ ಪಶ್ಚಿಮ ಘಟ್ಟದ್ದೇ ಕುಬ್ಜ ಪಫರ್, ಕ್ಯಾರಿನೋಟೆಟ್ರಾಡಾನ್ ಟ್ರಾವಂಕೋರಿಕಸ್! ಕೇರಳದ ಪಂಪಾ ನದಿಯಲ್ಲಿ ಸಿಕ್ಕ ಈ ಮೀನನ್ನು 1941ರಲ್ಲಿ ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು ವರ್ಣಿಸಿದರು. ಹುಟ್ಟಿನಿಂದ ಕೊನೆಯವರೆಗೂ ಸಿಹಿನೀರಿನ ಜೀವ. ಉಪ್ಪಿನ ಹಂಗೇ ಇಲ್ಲ.

ಗುರುತು ಹತ್ತಿದ ಮೇಲೆ ಮನೆ ಕಟ್ಟುವುದು ಸಲೀಸು. ಹಳೆಯ ತೊಟ್ಟಿಯಲ್ಲಿ ಪಳಗಿದ ಸ್ಪಾಂಜ್ ಫಿಲ್ಟರನ್ನು ಹೊಸದಕ್ಕೆ ಇಳಿಸಿದೆ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ಮತ್ತೆ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಆ ಸ್ಪಾಂಜಿನಲ್ಲಿರುತ್ತವೆ. ನಲ್ಲಿ ನೀರಿನ ಕ್ಲೋರಿನ್ ತೆಗೆದೆ, 25 ಡಿಗ್ರಿಯ ಆಸುಪಾಸಿನ ಬಿಸುಪು ಇರಿಸಿದೆ, ಹೈಡ್ರಿಲ್ಲಾ ಮತ್ತು ಜಾವಾ ಮಾಸನ್ನು ಒತ್ತಾಗಿ ನೆಟ್ಟೆ. ಮೀನನ್ನು ಬಲೆಯಿಂದ ಎತ್ತದೆ ಲೋಟದಲ್ಲಿ ನೀರಿನ ಸಮೇತ ದಾಟಿಸಿದೆ. ಹೆದರಿದ ಪಫರ್ ನೀರಾಚೆ ಗಾಳಿ ನುಂಗಿ ಉಬ್ಬಿಕೊಂಡರೆ ಅದನ್ನು ಹೊರಹಾಕಲು ಒದ್ದಾಡುತ್ತದೆ. ಉದ್ದರೆಕ್ಕೆಯ ಮೀನುಗಳನ್ನು ಜೊತೆಗೆ ಬಿಡುವಂತಿಲ್ಲ, ಕಚ್ಚಿ ಹರಿಯುತ್ತದೆ.

ಒಣ ಆಹಾರವನ್ನು ಇದು ಮೂಸುವುದಿಲ್ಲ. ಸೊಳ್ಳೆಮರಿ, ಬ್ಲಡ್‌ವರ್ಮ್, ಸಣ್ಣ ನೀರುಬಸವನಹುಳು ಬೇಕು. ಬೇಟೆ ನೋಡಬೇಕು! ಎರಡು ಕಣ್ಣನ್ನೂ ಬೇರೆಬೇರೆಯಾಗಿ ತಿರುಗಿಸುತ್ತ, ಹೊಳೆಯ ಮೇಲೆ ರೆಕ್ಕೆ ಬಡಿಯುತ್ತ ನಿಂತ ಮಿಂಚುಳ್ಳಿಯ ಹಾಗೆ ಇದ್ದಲ್ಲೇ ತೇಲುತ್ತದೆ. ಗುರಿ ಕೂಡಿತೆಂದರೆ ಒಂದೇ ನೆಗೆತ, ಚಿಪ್ಪಿನೊಳಗಿನ ಹುಳು ಬಾಯಿಗೆ.

ಸರಿಯಾದ ಹೆಸರು ತಿಳಿದರೆ ನೀರು ತಿಳಿಯುತ್ತದೆ, ಆಹಾರ ತಿಳಿಯುತ್ತದೆ, ಸಂಗಾತಿಯೂ ತಿಳಿಯುತ್ತದೆ. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಈ ಮೀನು ಅಪಾಯದ ಅಂಚಿನಲ್ಲಿದೆ. ಅಂಗಡಿಗಳಿಗಾಗಿ ಹೊಳೆಗಳಿಂದ ಹಿಡಿಯುವುದೂ ಅದಕ್ಕೆ ಒಂದು ಕಾರಣ. ಜಾವಾ ಮಾಸಿನ ನಡುವೆ ಇದು ಮೊಟ್ಟೆಯಿಡುತ್ತದೆ, ಮನೆಯ ತೊಟ್ಟಿಯಲ್ಲೂ ಮರಿ ಮಾಡುತ್ತದೆ. ಇನ್ನು ಹೊಟ್ಟೆಗೆರೆಯಿಲ್ಲದ, ದುಂಡನೆಯ ಹೆಣ್ಣುಗಳನ್ನು ಹುಡುಕಬೇಕು. ಹವ್ಯಾಸಿಗಳ ಮನೆಯಲ್ಲಿ ಹುಟ್ಟಿದ ಮರಿಗಳೇ ಅಂಗಡಿಗೆ ಬರುವಂತಾದರೆ, ಹೊಳೆಯ ಮೀನು ಹೊಳೆಯಲ್ಲೇ ಉಳಿದೀತು.