ಸಹಿ ತಾಳೆಯಾಗುವುದಿಲ್ಲ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಾನು ಎಷ್ಟೋ ಸಲ ಹೇಳಿದ ಮಾತು, ‘ಸಹಿ ತಾಳೆಯಾಗುವುದಿಲ್ಲ.’ ಕೈ ನಡುಗುತ್ತಿದ್ದ ವೃದ್ಧರೊಬ್ಬರ ಚೆಕ್ಕನ್ನು ಎರಡು ಸಲ ಹಿಂದೆ ಕೊಟ್ಟದ್ದು ಈಗಲೂ ನೆನಪಿದೆ.

ಕಳೆದ ವರ್ಷ ಆಟಿ ತಿಂಗಳ ಒಂದು ಬೆಳಗ್ಗೆ ನನ್ನ ಕೈಯಿಂದ ಕಾಫಿ ಲೋಟ ಜಾರಿತು. ‘ಅಜ್ಜ, ನಿಮ್ಮ ಬಾಯಿ ಸೊಟ್ಟಗಾಗಿದೆ’ ಎಂದು ಮೊದಲು ಕೂಗಿದವಳು ಆರನೇ ತರಗತಿಯ ಮೊಮ್ಮಗಳು. ಪಾರ್ಶ್ವವಾಯು. ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಕಾಯುತ್ತ ಕೂರಬಾರದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕಾಗುತ್ತದೆ. ಮಗ ತಡಮಾಡದೆ ಪಡುಬಿದ್ರಿಯಿಂದ ಮಣಿಪಾಲಕ್ಕೆ ಕರೆದೊಯ್ದ. ಜೀವ ಉಳಿಯಿತು, ಬಲಗೈ ಮಾತ್ರ ಹೇಳಿದ ಮಾತು ಕೇಳದಾಯಿತು.

ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿ ಕೊಡುತ್ತಿದ್ದ ಹುಡುಗಿ, ‘ಯಂತ್ರ ಗಿಂತ್ರ ಏನೂ ಬೇಡ ಅಜ್ಜ, ಮನೆಯಲ್ಲಿ ಇರುವುದೇ ಸಾಕು’ ಎಂದಳು. ಮಿದುಳಿನ ಪೆಟ್ಟಾದ ಭಾಗದ ಕೆಲಸವನ್ನು ಉಳಿದ ಭಾಗಗಳು ಕಲಿಯಬೇಕು. ಕಲಿಯುವುದು ಮಗ್ಗಿಯ ಹಾಗೆ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿ.

ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಹೆಬ್ಬೆರಳು, ತೋರುಬೆರಳುಗಳಿಂದ ಒತ್ತಿ ಪಾತ್ರೆಯ ಅಂಚಿಗೆ ಸಿಕ್ಕಿಸುವುದು. ಒದ್ದೆ ಬೈರಾಸು ಹಿಂಡುವುದು. ಚಪಾತಿ ಹಿಟ್ಟು ನಾದುವುದು. ಕುಚ್ಚಲಕ್ಕಿಯೊಳಗೆ ಹುಗಿದಿಟ್ಟ ನಾಣ್ಯ, ಗುಂಡಿ, ಬೀಗದ ಕೈಗಳನ್ನು ಕಣ್ಣು ಮುಚ್ಚಿ, ಮುಟ್ಟಿಯೇ ಗುರುತಿಸುವುದು. 30 ವರ್ಷಕ್ಕೂ ಹೆಚ್ಚು ಕಾಲ ನೋಟು ಎಣಿಸಿದ ಬೆರಳುಗಳಿಗೆ ಅಕ್ಕಿಯಲ್ಲಿ ಒಂದು ರೂಪಾಯಿ ನಾಣ್ಯ ಸಿಗಲಿಲ್ಲ. ಆ ದಿನ ಅತ್ತುಬಿಟ್ಟೆ.

ಮೊಮ್ಮಗಳು ಏನೂ ಹೇಳದೆ ಅಟ್ಟದಿಂದ ಚೆನ್ನೆಮಣೆ ಇಳಿಸಿ ತಂದಳು. ಆಟಿ ಕಳೆದ ಮೇಲೆ ಚೆನ್ನೆ ಆಡಬಾರದು ಎನ್ನುವ ನನ್ನ ಹೆಂಡತಿಯೂ ಸುಮ್ಮನಿದ್ದಳು. 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಒಂದು ಗುಳಿಯ ಕಾಯಿಗಳನ್ನೆಲ್ಲ ಅಂಗೈಯಲ್ಲಿ ಹಿಡಿದು, ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತ ಹೋಗಬೇಕು. ಬೆರಳ ತುದಿಗೆ ಒಂದನ್ನೇ ತಂದು, ಉಳಿದವನ್ನು ಬೀಳಗೊಡದೆ ಹಿಡಿದಿರುವುದು ಇದೆಯಲ್ಲ, ನನ್ನ ಕೈ ಮರೆತದ್ದು ಅದನ್ನೇ. ಮೊದಲ ವಾರ ಕಾಯಿಗಳು ಚಾವಡಿ ತುಂಬ ಉರುಳಿದವು. ‘ನೀವೇ ಹೆಕ್ಕಿ ಅಜ್ಜ, ಅದೂ ವ್ಯಾಯಾಮವೇ’ ಎಂದು ಅವಳು ಕೈಕಟ್ಟಿ ಕೂತಳು. ಎಡಗೈ ಚಾಚಿದರೆ ಸೋತ ಲೆಕ್ಕ!

ಎಲ್ಲರ ಕೈಗೂ ಇದೇ ಮದ್ದು ಎನ್ನಲಾರೆ. ಯಾರಿಗೆ ಯಾವುದು ಎಂದು ತಿಳಿದವರೇ ಹೇಳಬೇಕು, ನೋವಾದರೆ ನಿಲ್ಲಿಸಬೇಕು.

ಕಳೆದ ತಿಂಗಳು ಬ್ಯಾಂಕಿಗೆ ಹೋಗಿ ಚೆಕ್ಕಿಗೆ ಸಹಿ ಹಾಕಿದೆ. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿದ, ನನ್ನ ಕೈ ನೋಡಿದ. ‘ಸ್ವಲ್ಪ ವ್ಯತ್ಯಾಸ ಉಂಟು ಸರ್. ಕೂತುಕೊಳ್ಳಿ, ನಿಧಾನಕ್ಕೆ ಇನ್ನೊಮ್ಮೆ ಹಾಕಿ’ ಎಂದು ಕುರ್ಚಿ ತೋರಿಸಿದ. ಎರಡನೆಯ ಸಹಿ ತಾಳೆಯಾಯಿತು.

ಅಂದು ಆ ವೃದ್ಧರಿಗೆ ನಾನು ಕುರ್ಚಿ ತೋರಿಸಿರಲಿಲ್ಲ.