ಪ್ರಶ್ನೆ ಬರೆಯೋವಾಗ್ಲೇ ನಮ್ಮನ್ನ ಕರೀರಿ

ಹೊಳಲ್ಕೆರೆ ಕಡೆಯ ನಮ್ಮ ಎ.ಕೆ. ಕಾಲೊನಿಗೆ ಹಿಂದೊಮ್ಮೆ ಮಾನಸಿಕ ಆರೋಗ್ಯದ ಸರ್ವೆಗೆ ಅಂತ ಇಬ್ಬರು ಬಂದಿದ್ರು. "ಖಿನ್ನತೆ ಇದೆಯಾ?" ಅಂದ್ರು. ನಮ್ಮ ದೊಡ್ಡವ್ವ "ಹಂಗಂದ್ರೇನಪ್ಪ, ಇಲ್ಲ" ಅಂದ್ಲು. ಬರ್ಕೊಂಡು ಹೋದ್ರು. ಅದೇ ದೊಡ್ಡವ್ವ ದಿನಾ "ಜೀವ ಬ್ಯಾಸರಾಗೈತೆ ಕಣಪ್ಪ" ಅಂತಿದ್ಲು. ಸಂಘದ ಕಂತು, ಕುಡುಕ ಮಗ, ಹೋಟ್ಲಲ್ಲಿ ನಮಗೆ ಬೇರೆ ಲೋಟ, ಇವು ಯಾವ ಕಾಲಂನಲ್ಲೂ ಇರಲಿಲ್ಲ.

ನಾನೂ ಎರಡು ವರ್ಷ ಗುಳಿಗೆ ನುಂಗಿದವನೇ. ಡಾಕ್ಟರ್ ಬರೋ ದಿನ ಹೋದ್ರೆ ಆವತ್ತಿನ ಕೂಲಿ ಹೋಯ್ತು. ಯಾಕೆ ಅರ್ಧಕ್ಕೆ ಬಿಟ್ಟೆ ಅಂತ ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ.

ಪಕ್ಕದ ಬಳ್ಳಾರಿಯಲ್ಲಿ 1985ರಲ್ಲೇ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆಗಳಲ್ಲೇ ಈ ಚಿಕಿತ್ಸೆ ಶುರು ಮಾಡಿದ್ರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ದೊಡ್ಡ ಕೆಲಸ, ಇಲ್ಲ ಅನ್ನಲ್ಲ. ಆಮೇಲೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸೆಯಲ್ಲಿ ಜಾತಿಭೇದ ಕೂಡದು ಅನ್ನುತ್ತೆ. ರಾಜ್ಯ ಪ್ರಾಧಿಕಾರದಲ್ಲಿ ಈ ಕಾಯಿಲೆ ಕಂಡವರ ಪರವಾಗಿ 2 ಜನ ಇರಬೇಕು ಅನ್ನುತ್ತೆ. ಪ್ರಾಧಿಕಾರಕ್ಕೆ ಬೇಕಾದವರು ಹಿರಿಯೂರು, ಹೊಸದುರ್ಗದ ಹಳ್ಳಿ ಸಂಶೋಧನೆಗೆ ಮಾತ್ರ ಬ್ಯಾಡ್ವಾ?

ಪ್ರಶ್ನೆಗಳು ಅಚ್ಚಾಗೋಕೆ ಮುಂಚೆ ಕಾಲೊನಿ ಕಟ್ಟೆ ಮೇಲೆ ಕೂತು ಓದಿ. ತಿದ್ದಿಕೊಟ್ಟವರಿಗೆ ಆವತ್ತಿನ ಕೂಲಿ ಕೊಡಿ. ನಮ್ಮ ಉತ್ತರದಿಂದ ಏನು ಗೊತ್ತಾಯ್ತು ಅಂತ ವಾಪಸ್ ಬಂದು ಹೇಳಿ. ದೊಡ್ಡವ್ವ ತೀರಿಹೋಗಿ ವರ್ಷಗಳಾದವು, ಆ ಇಬ್ಬರು ತಿರುಗಿ ಬರಲೇ ಇಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲಿ ಯಾರಾದ್ರೂ ಇಂಥ ಅಧ್ಯಯನ ಮಾಡ್ತಿದ್ರೆ ಇನ್‌ಬಾಕ್ಸ್‌ಗೆ ಬನ್ನಿ. ನಾನೂ ಬರ್ತೀನಿ, ಇನ್ನೂ ನಾಲ್ಕು ಜನರನ್ನ ಕರ್ಕೊಂಡು ಬರ್ತೀನಿ.

ಜೈ ಭೀಮ್.