ಹೊಳೆಯಿಂದ ಕಡಲಿಗೆ: ಮುದಗಲ್ಲಿನಿಂದ ಐದು ದಿನದ ಮೀನಿನ ಪ್ರವಾಸ

ಪ್ರವಾಸ ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ದೇವಸ್ಥಾನ, ಜಾತ್ರೆ, ಇಲ್ಲವೇ ಬೀಗರ ಮನೆ. ಈ ಸಲ ಬೇರೆ ತರಹದ ಒಂದು ಪ್ರವಾಸವನ್ನು ನಿಮ್ಮ ಮುಂದಿಡುತ್ತೇನೆ. ಗಾಳ, ಬಲೆ, ಹೊಳೆ, ಕಡಲು ಇವುಗಳ ಬೆನ್ನು ಹತ್ತಿ ಹೋಗುವ ಪ್ರವಾಸ. "ಅಯ್ಯ, ಅದು ಗಂಡಸರ ಹುಚ್ಚುರೀ, ನಮಗ್ಯಾಕೆ?" ಅನ್ನಬೇಡಿ. ಗಂಡಸರು ಗಾಳ, ದಾರ, ಗಾಡಿ ಇಷ್ಟನ್ನೇ ಯೋಚಿಸುತ್ತಾರೆ. ಆದರೆ ಮೀನಿನ ಪ್ರವಾಸದಲ್ಲಿ ಮೊದಲು ನೋಡಬೇಕಾದದ್ದು ದಾರಿಯನ್ನಲ್ಲ, ತಿಂಗಳನ್ನು. ಮನೆಯಲ್ಲಿ ಪಂಚಾಂಗ ನೋಡುವವರು, ಹಬ್ಬ, ಪರೀಕ್ಷೆ, ಸುಗ್ಗಿ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡವರು ನೀವೇ ಅಲ್ಲವೆ? ಹಾಗಾದರೆ ಈ ಯೋಜನೆಯನ್ನೂ ನೀವೇ ಹಾಕಬೇಕು.

ಮುದಗಲ್ ಎಂದೊಡನೆ ಕೋಟೆ, ಕಂದಕ, ಮೊಹರಂ ನೆನಪಾಗುತ್ತವೆ. ವಿಜಯನಗರದವರೂ ಬಹಮನಿ, ಆದಿಲಶಾಹಿಯವರೂ ಈ ಕೋಟೆಗಾಗಿ ಮತ್ತೆ ಮತ್ತೆ ಕಾದಾಡಿದ್ದಕ್ಕೆ ಕಾರಣ ಈ ನೆಲವೇ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾವು. ಎರಡು ದೊಡ್ಡ ಹೊಳೆಗಳ ನಡುವೆ ಕೂತೂ ಹೊಳೆಯ ಮೀನು ಎಲ್ಲಿಂದ ಬರುತ್ತದೆಂದು ಕಣ್ಣಾರೆ ನೋಡದವರು ನಮ್ಮಲ್ಲಿ ಎಷ್ಟು ಜನ!

ಯಾವಾಗ ಹೊರಡಬೇಕು?

ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಮೀನು ಹಿಡಿಯುವಂತಿಲ್ಲ. ಅದು ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ. ಹೊಳೆಯ ಕಾಟ್ಲಾ, ರೋಹು, ಮೃಗಾಲ ಮೀನುಗಳೂ ಮಳೆಗಾಲದ ಹೊಸ ನೀರಿನಲ್ಲೇ ಸಂತಾನ ಮಾಡುತ್ತವೆ. ನಮ್ಮ ಹಿರಿಯರು ಶ್ರಾವಣದಲ್ಲಿ ಮಾಂಸ, ಮೀನು ಬಿಡುವ ಪದ್ಧತಿ ಇಟ್ಟದ್ದು ಭಕ್ತಿಗಾಗಿ ಇರಬಹುದು; ಮೀನಿಗೂ ಅದರಿಂದ ಒಳ್ಳೆಯದೇ ಆಯಿತು. ಆ ದಿನಗಳಲ್ಲಿ ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಇವತ್ತಿನ ಒಂದು ಸಾರಿಗೆ ನಾಳೆಯ ಸಾವಿರ ಮರಿ ಹೋಗುತ್ತವೆ.

ಮಳೆಗಾಲದ ದಾರಿಯೂ ನಂಬಿಕೆಯದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರ ಪ್ರಾಣ ಹೋದದ್ದು ನಿಮಗೆ ನೆನಪಿರಬಹುದು. ಅದೇ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ನೀರು ತನ್ನ ಹಟದಲ್ಲಿರುವಾಗ ಅದರ ಎದುರು ಹೋಗಬಾರದು.

ಒಳ್ಳೆಯ ಕಾಲ ಯಾವುದು? ಕಾರ್ತೀಕ ಮುಗಿದ ಮೇಲೆ, ಸಂಕ್ರಾಂತಿಯ ತನಕ. ಹೊಳೆಯ ಪ್ರವಾಹ ಇಳಿದಿರುತ್ತದೆ, ಜಲಾಶಯದಲ್ಲಿ ನೀರಿರುತ್ತದೆ, ಕಡಲು ಶಾಂತ. ಬಿಳಿಜೋಳದ ಸುಗ್ಗಿಗೂ ಮಕ್ಕಳ ದೊಡ್ಡ ಪರೀಕ್ಷೆಗೂ ಇನ್ನೂ ದಿನಗಳಿರುತ್ತವೆ.

ಮೊದಲನೆಯ ದಿನ: ಕೃಷ್ಣೆ

ಮನೆಯಿಂದ ಬುತ್ತಿ ಕಟ್ಟಿಕೊಂಡು ಲಿಂಗಸುಗೂರಿನ ಮೇಲೆ ಕೃಷ್ಣೆಯ ಕಡೆ ಹೊರಡಿ. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ, ಹೊಳೆಯ ನಡುವಿನ ಜಲದುರ್ಗದ ಕೋಟೆ, ಎರಡೂ ನೋಡತಕ್ಕವು. ಇಲ್ಲಿ ಹರಿಗೋಲನ್ನು ಮಕ್ಕಳಿಗೆ ತೋರಿಸಿ. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ದೋಣಿ ದುಂಡಗೆ ಇರುವುದರಿಂದ ಹುಟ್ಟು ಹಾಕಲು ಬರದವರ ಕೈಯಲ್ಲಿ ಅದು ಬರೀ ಗಿರಗಿರ ತಿರುಗುತ್ತದೆ! 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ ಇದೇ ಕಾಯಕದವರು ಎಂದು ಹೇಳಲು ಮರೆಯಬೇಡಿ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ದಡದಲ್ಲಿ ಬಟ್ಟೆ ಒಗೆಯುವುದು, ಮೀನು ತೊಳೆಯುವುದು, ಮಕ್ಕಳನ್ನು ನೀರಿಗಿಳಿಸುವುದು ಬೇಡ. ಅಣೆಕಟ್ಟಿನ ಕೆಳಗಿನ ಬಂಡೆಗಳ ಮೇಲೆ ಕೂಡುವುದೂ ಬೇಡ. ನೀರು ಬಿಟ್ಟರೆ ಹೊಳೆ ಏಳಲು ಬಹಳ ಹೊತ್ತು ಬೇಕಿಲ್ಲ. ಯಜಮಾನರಿಗೆ ಗಾಳ ಹಾಕುವ ಆಸೆಯಿದ್ದರೆ ಮೊದಲೇ ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಲಿ. ಕೆರೆಯ ಮೀನಿನ ಹಕ್ಕು ಗುತ್ತಿಗೆದಾರರದು, ಜಲಾಶಯಕ್ಕೆ ಪರವಾನಗಿ ಬೇಕು. ರಾತ್ರಿಗೆ ಮನೆಗೆ ಮರಳಿ.

ಎರಡನೆಯ ದಿನ: ತುಂಗಭದ್ರೆ

ಕುಷ್ಟಗಿಯಿಂದ ಹೆದ್ದಾರಿ ಹಿಡಿದರೆ ನೇರ ಹೊಸಪೇಟೆ. 1953ರಲ್ಲಿ ಮುಗಿದ ಅಣೆಕಟ್ಟು, 33 ಗೇಟುಗಳು, ತುಂಬಿದಾಗ 378 ಚದರ ಕಿಲೋಮೀಟರ್ ನೀರು. ಇದೇ ಇಲ್ಲಿನ ಮೀನುಗಾರರ ಹೊಲ. ಬೆಳಗಿನ ಹೊತ್ತಿಗೆ ಹರಿಗೋಲುಗಳು ದಡ ಸೇರುತ್ತವೆ. ಹಿಡಿಯುವುದು ಗಂಡಸರು, ಆರಿಸಿ, ತೂಗಿ, ಮಾರಿ ದುಡ್ಡು ಮಾಡುವುದು ಹೆಚ್ಚಾಗಿ ಹೆಂಗಸರು. ಆದರೆ ಅಣೆಕಟ್ಟಿನಿಂದ ಕಂಪ್ಲಿ ಸೇತುವೆಯ ತನಕ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಎಂದು ಸಾರಿದ್ದಾರೆ. ಹಂಪಿ ಆ ಹಾದಿಯಲ್ಲೇ ಇದೆ. ಅಲ್ಲಿ ಗಾಳದ ಚೀಲ ಗಾಡಿಯಲ್ಲೇ ಇರಲಿ. ರಾತ್ರಿ ಹೊಸಪೇಟೆಯಲ್ಲಿ ತಂಗಿ.

ಮೂರನೆಯ ದಿನ: ಘಟ್ಟ ಇಳಿಯುವುದು

ಈ ದಿನ ಪೂರ್ತಿ ದಾರಿಗೇ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ. ಬೆಳಿಗ್ಗೆ ಕರಿಮಣ್ಣಿನ ಬಯಲು, ಸಂಜೆ ಕಾಡು, ತೆಂಗು. ವಾಂತಿಯಾಗುವವರಿಗೆ ನಿಂಬೆಹಣ್ಣು ಕೈಯಲ್ಲಿರಲಿ. ಕತ್ತಲಾಗುವ ಮೊದಲೇ ಘಟ್ಟ ಇಳಿದು ಅಂಕೋಲಾ ಸೇರಿ.

ನಾಲ್ಕನೆಯ ದಿನ: ಕಡಲು

ನಸುಕಿನಲ್ಲೇ ಏಳಿ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ಬರುವ ಗದ್ದಲ ನೋಡಿ. ಬಂಗುಡೆ, ತಾರ್ಲಿ, ಇಸ್ವಾಣ, ಪಾಪ್ಲೆಟ್, ಸಿಗಡಿ, ಬುಟ್ಟಿಬುಟ್ಟಿಯಾಗಿ ಇಳಿಯುತ್ತವೆ. ಹಿಂದೆ ಇಲ್ಲಿ ರಂಪಣಿ ಬಲೆಯ ಕಾಲವಿತ್ತು. ಹತ್ತಾರು ಜನ ಸೇರಿ ಒಂದೇ ಬಲೆಯನ್ನು ದಡಕ್ಕೆ ಎಳೆದು, ಬಂದದ್ದನ್ನು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯತೊಡಗಿದವು. ದಡದ ಪಾಲು ಕರಗಿತು. ನೌಕಾನೆಲೆ ಬಂದ ಮೇಲೆ ಕಾರವಾರ, ಅಂಕೋಲಾ ನಡುವಿನ ಹಲವು ತೀರಗಳಿಗೆ ಪ್ರವೇಶವಿಲ್ಲ. ಎಲ್ಲೆಂದರಲ್ಲಿ ಗಾಳ ಬಿಸಾಡುವಂತಿಲ್ಲ, ಕೇಳಿಕೊಂಡು ಹೋಗಿ.

ಮಧ್ಯಾಹ್ನದ ಮೇಲೆ ಗೋಕರ್ಣದ ಕಡೆ ಅಘನಾಶಿನಿಯ ಅಳಿವೆಗೆ ಹೋದರೆ ನೀರು ಇಳಿದ ಹೊತ್ತಿನಲ್ಲಿ ಹೆಂಗಸರು ಸೊಂಟದ ತನಕ ನಿಂತು ಬಳಚು ಆರಿಸುವುದನ್ನು ಕಾಣಬಹುದು. ಈ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ರಾಮ್ಸಾರ್ ಮನ್ನಣೆ ಸಿಕ್ಕಿದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ನೋಡಿದಿರಾ, ಇಲ್ಲಿಯೂ ಪಂಚಾಂಗವೇ ಬೇಕಾಯಿತು!

ಕೊಳ್ಳುವಾಗ

ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಕುಳಿ ನಿಲ್ಲಬಾರದು. ಚೌಕಾಸಿ ಮಾಡಿ, ಆದರೆ ಅವಳ ಬೆಳಗಿನ ಮೂರು ಗಂಟೆಯ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. "ಅಕ್ಕಾ, ಇದು ಹೇಗೆ ಮಾಡೋದು?" ಅಂತ ಒಮ್ಮೆ ಕೇಳಿ ನೋಡಿ. ಮೀನಿನ ಜೊತೆ ಒಂದು ಅಡುಗೆಯೂ ಪುಕ್ಕಟೆ ಬರುತ್ತದೆ.

ನಮ್ಮ ಹೊಳೆಮೀನಿನ ಸಾರಿಗೆ ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಬೆಳ್ಳುಳ್ಳಿ, ಹುಣಸೆಹುಳಿ. ಜೊತೆಗೆ ಜೋಳದ ರೊಟ್ಟಿ. ಮಣ್ಣುವಾಸನೆ ಹೋಗಲು ತುಂಡುಗಳಿಗೆ ಉಪ್ಪು, ಅರಿಸಿನ, ಹುಣಸೆರಸ ಸವರಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಅವರ ಬಂಗುಡೆ ಸಾರಿಗೆ ಹಸಿ ಕಾಯಿ, ಕೆಂಪು ಮೆಣಸು, ಮುರುಗಲ ಹುಳಿ, ಕೊನೆಗೆ ಜಜ್ಜಿದ ನಾಲ್ಕು ಜುಮ್ಮನಕಾಯಿ. ಜೊತೆಗೆ ಕುಚ್ಚಲಕ್ಕಿ ಅನ್ನ.

ಐದನೆಯ ದಿನ ಬೆಳಿಗ್ಗೆ ಬೇಗ ಹೊರಟು ಊರ ದಾರಿ ಹಿಡಿಯಿರಿ. ಹಸಿ ಮೀನು ತರುವುದಾದರೆ ಥರ್ಮೋಕೋಲ್ ಡಬ್ಬಿಯಲ್ಲಿ ಒಂದು ಪದರ ಐಸು, ಒಂದು ಪದರ ಮೀನು, ಮೇಲೆ ಮತ್ತೆ ಐಸು. ಅಷ್ಟು ತಾಪತ್ರಯ ಬೇಡವೆಂದರೆ ಒಣಮೀನು ತನ್ನಿ. ಗಟ್ಟಿ ಡಬ್ಬಿಯಲ್ಲಿಟ್ಟರೆ ವಾಸನೆಯ ಜಗಳವೂ ಇಲ್ಲ.

ಕೊನೆಗೆ ಒಂದು ಕರಾರು. ಹೊರಡುವ ಮೊದಲೇ ಮನೆಯಲ್ಲಿ ಎಲ್ಲರೆದುರು ಹೇಳಿಬಿಡಿ: ಗಾಳಕ್ಕೆ ಬಿದ್ದ ಮೀನನ್ನು ಹಿಡಿದವರೇ ಹೆಚ್ಚಿ ತೊಳೆಯಬೇಕು. ಐದು ದಿನವೂ ನೀವು ಬೇರೆ ಊರಿನ ಒಲೆಯ ಮುಂದೆ ಕೂತರೆ ಅದು ಪ್ರವಾಸ ಹೇಗಾದೀತು? ನೀರಿಗೇ ವರ್ಷಕ್ಕೆರಡು ತಿಂಗಳ ಬಿಡುವು ಕೊಡುವಾಗ, ನಿಮಗೆ ಐದು ದಿನವಾದರೂ ಬೇಡವೆ? ಕ್ಯಾಲೆಂಡರ್ ಕೈಗೆತ್ತಿಕೊಳ್ಳಿ, ದಿನ ಗೊತ್ತುಮಾಡಿ, ಹೋಗಿ ಬನ್ನಿ.